ಏಣಿಯ ಮೇಲಿನವನು

ಚುನಾವಣೆ ಘೋಷಣೆಯಾದ ಮರುದಿನ ದುರಗವ್ವನ ಮೊಬೈಲಿಗೆ ಒಂದು ರೀಲ್ಸ್ ಬಂತು. ಏಣಿ ಹತ್ತಿದ ಯಾರೋ ಒಬ್ಬ ಅವಳ ಪಕ್ಷದ ಬಾವುಟವನ್ನು ಕಂಬದಿಂದ ಕಿತ್ತು ಕೆಳಗೆಸೆಯುತ್ತಿದ್ದ. ದೂರದಿಂದ ತೆಗೆದದ್ದು, ಬೆನ್ನಷ್ಟೇ ಮಸುಕಾಗಿ ಕಾಣುತ್ತಿತ್ತು. ಮೇಲೆ ಕೆಂಪಕ್ಷರ: 'ಈ ದ್ರೋಹಿಯನ್ನು ಬಿಡಬೇಕೇ?'

ಪಕ್ಷದ ಮಹಿಳಾ ಘಟಕದವಳು ಸುಮ್ಮನಿರುವುದುಂಟೇ? 'ಕೈ ಮುರೀರಿ ಅವಂದು' ಎಂದು ಕೆಳಗೆ ಬರೆದು, ಓಣಿಯ ಗುಂಪಿಗೂ ಕಳಿಸಿದಳು.

"ಯಾರೋ ಏನೋ, ಅಕ್ಕಾ. ಅವಂಗೂ ಹೆಂಡ್ತಿ ಮಕ್ಕಳು ಇರ್ತಾರ" ಎಂದಳು ಪಕ್ಕದ ಮನೆಯ ರೇಣವ್ವ.

"ಇರ್ಲಿ ಬಿಡ. ಎಂಥಾ ಗಂಡನ್ನ ಕಟ್ಕೊಂಡೀನಿ ಅಂತ ಆಕಿಗೂ ಗೊತ್ತಾಗ್ಲಿ."

ಮಧ್ಯಾಹ್ನ ಇನ್ನೊಂದು ರೀಲ್ಸ್ ಬಂತು. ಏಣಿ ಉರುಳಿತ್ತು. ಹತ್ತಾರು ಕಾಲುಗಳ ನಡುವೆ ಬಿದ್ದವನ ಮುಖ ರಕ್ತದಲ್ಲಿ ಗುರುತೇ ಸಿಗುತ್ತಿರಲಿಲ್ಲ. ಏನೋ ಕೂಗುತ್ತಿದ್ದ. ದುರಗವ್ವ ಸೌಂಡ್ ಜೋರು ಮಾಡಿದಳು.

"ಹೊಡೀಬ್ಯಾಡ್ರೀ! ನಾ ಮುನ್ಸಿಪಾಲ್ಟಿಯಾಂವ್ರೀ. ನೀತಿಸಂಹಿತೆ ಬಂದೈತಿ, ಎಲ್ಲಾ ಪಕ್ಷದ್ದೂ ಬಿಚ್ಚು ಅಂತ ಸಾಹೇಬ್ರು ಹೇಳ್ಯಾರ್ರೀ. ನಾನೂ ನಿಮ್ಮಾಂವನ... ಬೇಕಾದ್ರ ನನ್ನ ಹೆಂಡ್ತಿನ್ನ ಕೇಳ್ರಿ, ನಿಮ್ಮ ಮಹಿಳಾ ಘಟಕದ ದುರಗವ್ವನ್ನ!"