ಯಡಿಯೂರಿನಲ್ಲಿ ಎದ್ದು ಬಂದವರು

ಗುರುವಾರ ಸತ್ತಿದ್ದ ಬೈಲಪ್ಪ ಶನಿವಾರ ಬೆಳಗ್ಗೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದ.

ಉಮಾಮಹೇಶ್ವರಿ ಯಡಿಯೂರಿನ ಬಸ್ ಸ್ಟಾಪಿನಲ್ಲಿ ಕಂಬದಂತೆ ನಿಂತಳು. ಬೈಲಪ್ಪನ ತಂಗಿ ಕೋಣನಕುಂಟೆಯಿಂದ ಬಂದು, ಬೀದಿಯುದ್ದಕ್ಕೂ ಬಾಯಿ ಬಡಿದುಕೊಂಡು ಹೋದದ್ದನ್ನು ಅವಳೇ ಕಿಟಕಿಯ ಸಂದಿಯಿಂದ ನೋಡಿದ್ದಳು. ಈಗ ಆ ಹೆಣ ದಂಟಿನ ಸೊಪ್ಪನ್ನು ಮೂಸಿ, "ಬಾಡೋಗೈತೆ ಕಣಮ್ಮ, ಇನ್ನೊಂದು ಕಟ್ಟು ಹಾಕು" ಎನ್ನುತ್ತಿತ್ತು.

ಸೋಮವಾರ ಸಂಜೀವಯ್ಯ ಎದ್ದು ಬಂದ. ಹಿಂದಿನ ದಿನವಷ್ಟೇ ಅವನ ಮಾವನ ಮನೆಯವರು ಹೂವಿನ ಹಾರ ಹಿಡಿದು ಬಂದಿದ್ದರು. ಸತ್ತವನು ಸೈಕಲ್ಲಿನ ಮೇಲೆ ರಾಗಿ ಚೀಲ ಹೇರಿಕೊಂಡು, ಶಿಳ್ಳೆ ಹಾಕುತ್ತ ಗಿರಣಿಗೆ ಹೊರಟಿದ್ದ.

ಉಮಾ ಮಹಿಳಾ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವಳು. ಹಾಕಿದ ಚಿಲಕವನ್ನು ಮತ್ತೊಮ್ಮೆ ಮುಟ್ಟಿ ನೋಡದೆ ಮಲಗಿದವಳಲ್ಲ. ಭಯವಾದಾಗ ಅವಳಿಗೆ ಚರಿತ್ರೆಯೇ ಆಸರೆ. ಹುರುಳಿಕಾಯಿ ಹೆಚ್ಚುತ್ತ ಯೋಚಿಸಿದಳು: ಹೊಯ್ಸಳರ ಕಾಲದಲ್ಲಿ ಹೆಣಗಳು ಎದ್ದಿದ್ದರೆ? ವೀರಗಲ್ಲು ನಿಲ್ಲಿಸಿದ ಮೇಲೆ ವೀರನೇ ಬಂದು, ಮೂಗು ಸರಿಯಾಗಿಲ್ಲ ಎಂದು ತಕರಾರು ತೆಗೆಯುತ್ತಿದ್ದ. ಪ್ಲೇಗಿನ ವರ್ಷವಾಗಿದ್ದರೆ? ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡವರನ್ನು ಹುಡುಕಿಕೊಂಡು ಸತ್ತವರೂ ಸಾಲಾಗಿ ಬಂದಿದ್ದರೆ, ಪಾಪ, ಅವರು ಮತ್ತೆಲ್ಲಿಗೆ ಓಡಬೇಕಿತ್ತು? ಈ ಎಪ್ಪತ್ತೇಳನೇ ಇಸವಿಯಲ್ಲಿ ಅಂಥ ಭಯವಿಲ್ಲ. ಎದ್ದು ಬಂದವನು ಸೀಮೆಎಣ್ಣೆ ಕ್ಯೂ ನೋಡಿದರೆ ತಾನೇ ವಾಪಸು ಹೋಗಿ ಮಲಗುತ್ತಾನೆ.

ಕೊನೆಗೆ ತಡೆಯಲಾರದೆ ಬಾಡಿಗೆ ಮನೆಯ ಒಡತಿ ರುದ್ರಮ್ಮನ ಹತ್ತಿರ ಬಾಯಿ ಬಿಟ್ಟಳು. ರುದ್ರಮ್ಮ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಟೀಚರಮ್ಮ, ಅವ್ರು ಸತ್ತೇ ಇಲ್ಲ! ಬಸ್ ಸ್ಟಾಪ್ ಮರದಾಗೆ ಕಾಗೆ ಮರಿ ಮಾಡೈತೆ. ಹೋಗೋರು ಬರೋರ ತಲೆ ಕುಕ್ತದೆ. ಕಾಗೆ ತಲೆ ಮುಟ್ಟಿದ್ರೆ ಸಾವು ಹಿಂದೇನೇ ಬಂತು ಅಂತ. ಅದಕ್ಕೇ ಸತ್ತೋದ ಅಂತ ನೆಂಟ್ರಿಗೆ ಸುಳ್ಳು ಸುದ್ದಿ ಕಳಿಸದು. ಅವ್ರು ನಂಬಿ ಅತ್ರೆ ಸಾವಿಗೆ ಸಲ್ಲೋದು ಸಂದೋಯ್ತು. ಆಮ್ಯಾಕೆ ನಿಜ ಹೇಳಿ ಊಟ ಹಾಕಿ ಕಳ್ಸದು."

"ಅದಕ್ಕೆ ನೆಂಟರು ಯಾಕೆ ರುದ್ರಮ್ಮ? ಮನೇಲಿರೋ ಹೆಂಡತಿ ಅತ್ತರೆ ಸಾಲದಾ?"

"ನಿಜ ಗೊತ್ತಿರೋಳು ಅತ್ರೆ ಅದು ನಾಟ್ಕ ಕಣವ್ವ. ನಂಬ್ದೋರ ಕಣ್ಣೀರೇ ಬೇಕು."

ಉಮಾ ಹಗುರಾದಳು. ಆ ನೆಮ್ಮದಿ ಶುಕ್ರವಾರದ ಸಂಜೆಯವರೆಗೆ ಬಾಳಿತು. ಅಂದು ಗಂಡ ಗಂಗಾಧರಯ್ಯ ಬ್ಯಾಂಕಿನಿಂದ ಮರಳಿದಾಗ ಅವನ ಬೋಳು ನೆತ್ತಿಯ ಮೇಲೆ ರಕ್ತದ ಗೀರಿತ್ತು.

"ದರಿದ್ರ ಕಾಗೆ," ಎಂದ.

ಉಮಾ ಅರಿಸಿನ ಹಚ್ಚುತ್ತ, ಮೆಲ್ಲಗೆ ಕೇಳಿದಳು. "ರೀ, ನಿಮ್ಮ ಊರಿಗೊಂದು ಸುದ್ದಿ ಕಳಿಸೋಣವಾ? ಸುಮ್ಮನೆ, ಶಾಸ್ತ್ರಕ್ಕೆ."

ಗಂಗಾಧರಯ್ಯ ಕಾಫಿ ಲೋಟ ಕುಕ್ಕಿದ. "ಎಂ.ಎ. ಓದಿದವಳು ಆಡೋ ಮಾತಾ ಇದು? ಊರಿಗೆ ಮಾತ್ರ ಒಂದಕ್ಷರ ಹೋಗಕೂಡದು, ಹೇಳಿದೀನಿ!"

ಅವನಿರುವುದೇ ಹಾಗೆ. ಮದುವೆಯೂ ರಿಜಿಸ್ಟ್ರಾರ್ ಕಚೇರಿಯಲ್ಲೇ ಆದದ್ದು. ಪುರೋಹಿತರಿಲ್ಲ, ಓಲಗವಿಲ್ಲ, ನೆಂಟರಿಲ್ಲ. ಮಾಗಡಿ ಹತ್ತಿರದ ಊರಿನಲ್ಲಿ ಅಣ್ಣನ ಜೊತೆ ಜಮೀನಿನ ವ್ಯಾಜ್ಯವಿತ್ತು. ತಿಂಗಳಿಗೊಮ್ಮೆ ಒಬ್ಬನೇ ಹೋಗಿ ಬರುತ್ತಿದ್ದ. "ಆ ಕೆಸರಿಗೆ ನಿನ್ನನ್ನ ಯಾಕೆ ಎಳೀಲಿ?" ಎನ್ನುತ್ತಿದ್ದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಉಮಾಗೆ ಒಳಗೊಳಗೇ ಹೆಮ್ಮೆ.

ಮರುದಿನ ಅವನಿಗೆ ಜ್ವರ ಬಂತು. ಡಾಕ್ಟರು ಮಾತ್ರೆ ಕೊಟ್ಟು, ಹೆದರುವಂಥದ್ದಲ್ಲ ಎಂದರು. ಜ್ವರ ಇಳಿಯಲಿಲ್ಲ. ಹಣೆಯ ಒದ್ದೆ ಬಟ್ಟೆ ಬದಲಿಸುತ್ತ ಉಮಾ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಈ ಒಂದು ಉಸಿರು ನಿಂತರೆ ತನಗೆಂದು ಯಾರಿದ್ದಾರೆ? ಓದಿದ್ದೆಲ್ಲ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಕಳ್ಳಿಯ ಹಾಗೆ ರುದ್ರಮ್ಮನ ಹಿತ್ತಿಲಿಗೆ ಹೋದಳು.

"ಅವರಿಗೆ ಗೊತ್ತಾಗಬಾರದು."

ರುದ್ರಮ್ಮನ ತಮ್ಮ ಮುನಿಯಣ್ಣ ತರಕಾರಿ ಲಾರಿ ಓಡಿಸುವವನು. "ಮಾಗಡಿ ಕಡೆಗೇ ಹೊಂಟಿವ್ನಿ ಟೀಚರಮ್ಮ. ದಾರೀಲೇ ಸಿಕ್ತದೆ ಊರು, ಸಾಯ್ಸಿಬಿಟ್ಟು ಬರ್ತೀನಿ ಬಿಡಿ," ಎಂದು ಬೀಡಿ ಹಚ್ಚಿದ. ಆ ಊರಿನ ಅರಳೀಕಟ್ಟೆಯಲ್ಲಿ ಕೂತಿದ್ದವರಿಗೆ ಸುದ್ದಿ ಮುಟ್ಟಿಸಿ, ಯಡಿಯೂರಿನ ವಿಳಾಸ ಹೇಳಿ, ಬೇರೆ ಮಾತಿಗೆ ನಿಲ್ಲದೆ ಬಂದ.

ಮಾರನೆಯ ಬೆಳಗ್ಗೆ ಜ್ವರ ಬಿಟ್ಟಿತ್ತು. ಮಾತ್ರೆಯೋ ಕಣ್ಣೀರೋ, ಉಮಾ ವಿಚಾರಿಸಲು ಹೋಗಲಿಲ್ಲ. ಗಂಗಾಧರಯ್ಯ ಮುಖ ತೊಳೆದು ವರಾಂಡದ ಕುರ್ಚಿಯಲ್ಲಿ ಕೂತು, ಗಂಜಿ ಕುಡಿಯುತ್ತಿದ್ದ.

ಗೇಟಿನ ಮುಂದೆ ಬಾಡಿಗೆ ವ್ಯಾನೊಂದು ನಿಂತಿತು. ಒಳಗಿನಿಂದ ಗೋಳು ಇಳಿಯಿತು. ಹಿಂದೆ ಜನ ಇಳಿದರು.

ಗಂಗಾಧರಯ್ಯನ ಮುಖದಲ್ಲಿ ರಕ್ತವೇ ಇಲ್ಲದಾಯಿತು. "ಯಾರು... ಯಾರು ಹೇಳಿಕಳಿಸಿದ್ದು?"

"ಬೈಬೇಡಿ ರೀ. ನಿಮ್ಮ ಆಯಸ್ಸಿಗೋಸ್ಕರ," ಎಂದಳು ಉಮಾ. ಅವನು ಗಂಜಿಯ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ.

ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದವಳು ಒಬ್ಬ ಹೆಂಗಸು. ಕೂದಲು ಕೆದರಿತ್ತು. ಮೆಟ್ಟಿಲ ಮೇಲೆ ಕುಸಿದು, ತಲೆ ಎತ್ತದೆ ಎದೆ ಬಡಿದುಕೊಳ್ಳುತ್ತಿದ್ದಳು. "ಆಹಾ, ಅಳು ಅಂದ್ರೆ ಇದು!" ರುದ್ರಮ್ಮ ಉಮಾಳ ಕಿವಿಯಲ್ಲಿ ಹೇಳಿದಳು. "ನಿಮ್ಮೆಜಮಾನ್ರಿಗೆ ಇನ್ನು ನೂರು ವರ್ಷ."

ಓರಗಿತ್ತಿ ಇರಬೇಕು. ಉಮಾಳ ಕಣ್ಣೂ ತುಂಬಿತು. ಇಷ್ಟು ಪ್ರೀತಿಯ ಜನರನ್ನು ಒಂದು ತುಂಡು ಜಮೀನಿಗಾಗಿ ದೂರವಿಟ್ಟರಲ್ಲ! ಒಳಗಿನಿಂದ ನೀರು ತಂದು, ಅವಳ ಪಕ್ಕದಲ್ಲೇ ಕೂತು ಬೆನ್ನು ಸವರಿದಳು.

ಅಷ್ಟರಲ್ಲಿ ಗಂಗಾಧರಯ್ಯನದೇ ಮೂಗಿದ್ದ ಮುದುಕ, ಅವನ ಅಣ್ಣ ಬೋರಯ್ಯ, ಕುರ್ಚಿಯಲ್ಲಿದ್ದವನನ್ನು ಕಂಡ. ಬಾಯಿ ತೆರೆದು ನಿಂತ. ಆಮೇಲೆ ಓಡಿ ಬಂದು, ಅಳುತ್ತಿದ್ದವಳ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಬಳೆ ಒಡ್ಕಬ್ಯಾಡ ಕಣವ್ವಾ! ತಲೆ ಎತ್ತಿ ನೋಡು, ನಿನ್ ಗಂಡ ಬದುಕವ್ನೆ!"