ವಿಭೂತಿಯಲ್ಲಿ ತಿಕ್ಕಿದ ನಾಣ್ಯ

ವಿಭೂತಿ ಹಚ್ಚಿ ತಿಕ್ಕಿದ ಬೆಳ್ಳಿ ನಾಣ್ಯವನ್ನು ಬೆಳಕಿಗೆ ಹಿಡಿದ ಹೊಸ ಸೊಸೆ ತನುಜಾಳಿಗೆ ತನ್ನ ತಪ್ಪು ತಿಳಿಯಿತು. ಅದು ಲಕ್ಷ್ಮೀಪೂಜೆಯ ನಾಣ್ಯವಲ್ಲ, ಮಾವ ಓಂಕಾರಪ್ಪನವರು ಸಂಗ್ರಹಿಸಿಟ್ಟ ಪ್ರೂಫ್ ನಾಣ್ಯ, ಸಂಗ್ರಹಕಾರರಿಗೆಂದೇ ಹೊಳಪಾಗಿ ಟಂಕಿಸಿದ್ದು. ಸೊಂಡಿಲು ಎತ್ತಿದ ಆನೆಯ ಆ ಅಪರೂಪದ ಮಾದರಿಗಾಗಿ ಅವರು ವರ್ಷಗಟ್ಟಲೆ ಹುಡುಕಿದ್ದರು. ಕನ್ನಡಿಯಂತಿದ್ದ ಅದರ ಮೈತುಂಬ ಈಗ ಗೀರುಗಳು.

ಗೋಣಿಬೀಡಿನ ತೋಟದಿಂದ ಬಂದ ಮಾವ ಬಾಗಿಲಲ್ಲೇ ನಿಂತಿದ್ದರು. "ಏನಮ್ಮ ಅದು, ಕೈಲಿ?"

"ಮಾವ, ಪೂಜೆ ಬೆಳ್ಳಿ ಅಂದ್ಕೊಂಡು ತಿಕ್ಬಿಟ್ಟೆ." ಅವಳು ಮುಷ್ಟಿಯನ್ನು ಬಿಚ್ಚಿದಳು.

ಅವರು ಒಳಗೆ ಹೋದರು. ಕಪಾಟು ದಡಕ್ಕನೆ ತೆರೆದ ಸದ್ದಿಗೆ, ತವರಿಗೆ ಕಳಿಸಿಯೇ ಬಿಡುತ್ತಾರೇನೋ ಎಂದು ಅವಳು ಹೆದರಿದಳು. ಹಿಂದಿರುಗಿದ ಮಾವ ಇನ್ನೊಂದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟರು. ಸೊಂಡಿಲು ಇಳಿಸಿದ ಆನೆ. ಅದರ ಮೈಮೇಲೂ ಅಂಥವೇ ಗೀರುಗಳು.

"ನಿಮ್ಮತ್ತೆ ತನ್ನ ಕೊನೇ ದೀಪಾವಳೀಲಿ ತಿಕ್ಕಿದ್ದು," ಎಂದರು. "ಅವಳ ಕೈಗುರುತು ಅಂತ ಇಟ್ಕೊಂಡಿದೀನಿ. ಎರಡನ್ನೂ ದೇವ್ರ ಮುಂದಿಡಮ್ಮ."