ಚಿಪ್ಪಿನೊಳಗಿನ ಕೀಲಿ

ತಿಪಟೂರಿನ ತನ್ನ ರಿಪೇರಿ ಅಂಗಡಿಯಲ್ಲಿ ಗುರುಲಿಂಗ ಆ ಕಂಪ್ಯೂಟರನ್ನು ಆನ್ ಮಾಡಿದ. ಅದು ಬೀಪ್ ಎಂದದ್ದೇ, ಎದುರಿಗೆ ಕುಳಿತಿದ್ದ ಹೇಮಾವತಿ ಯಾರೋ ಒಳಗೆ ಬಂದರೆಂಬಂತೆ ಬೆಚ್ಚಿ ಸೆರಗು ಸರಿಮಾಡಿಕೊಂಡರು. ಕಂಪ್ಯೂಟರು ಅವರ ಗಂಡನದು. ಆತ ತೀರಿಹೋಗಿ ಎರಡು ತಿಂಗಳಾಗಿತ್ತು.

"ಬಹಳ ನಿಧಾನ ಕಣಮ್ಮ ಇದು. ಹೊಸ ಚಿಪ್ ಹಾಕಿದ್ರೆ ಚೆನ್ನಾಗಿ ಓಡುತ್ತೆ, ಆದ್ರೆ ಬೇಡ," ಎಂದ ಗುರುಲಿಂಗ. "ಸಾಹೇಬ್ರು ಎಲ್ಲಾದಕ್ಕೂ ಬೀಗ ಹಾಕಿಟ್ಟಿದಾರೆ. ಕಂಪ್ಯೂಟರ್ ಶುರುವಾಗುವಾಗ ಆ ಬೀಗ ತೆಗೆಯೋ ಕೀಲಿ ಈ ಹಳೇ ಚಿಪ್ಪಿನೊಳಗೇ ಇದೆ. ಚಿಪ್ ಬದಲಾಯ್ತು ಅಂದ್ರೆ ಅವರು ಉಳಿಸಿಟ್ಟಿದ್ದು ಒಂದೂ ತೆರೆಯಲ್ಲ."

"ಹಳೇದನ್ನೇ ಮತ್ತೆ ಹಾಕಿದ್ರೆ?"

"ಅಷ್ಟರಲ್ಲಿ ಕೀಲಿ ಅಳಿಸಿಹೋಗಿರುತ್ತೆ."

"ನಾಳೆ ನಮ್ಮ ಭಾವ ಇದನ್ನ ತಗೊಂಡು ಹೋಗೋಕೆ ಬರ್ತಾರೆ. ಅವರು ದೊಡ್ಡ ಕಡೆ ಎಲ್ಲಾದ್ರೂ ತೋರಿಸಿದ್ರೆ?"

"ಯಾರ ಕೈಲೂ ಆಗಲ್ಲ."

ಹೇಮಾವತಿ ಕಂಪ್ಯೂಟರನ್ನು ಅವನ ಕಡೆಗೆ ಸರಿಸಿದರು. "ಹಾಗಾದ್ರೆ ಈಗ್ಲೇ ಬದಲಾಯಿಸಿಬಿಡಪ್ಪ," ಎಂದರು.

ತನ್ನ ಮಾತು ಇವರಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡ ಗುರುಲಿಂಗ. "ಎಂಟು ವರ್ಷದ ವಿಡಿಯೋ ಇದಾವೆ ಅಂತ ಬಂದಾಗ್ಲೇ ಅಂದ್ರಿ. ನಾಳೆ ಸಾಹೇಬ್ರ ಮುಖ ನೋಡ್ಬೇಕು ಅನ್ನಿಸಿದ್ರೆ ಏನ್ ಮಾಡ್ತೀರಮ್ಮ?"

"ಅವ್ರು ಅದ್ರಲ್ಲಿ ಎಲ್ಲೂ ಇಲ್ಲಪ್ಪ," ಎಂದರು ಹೇಮಾವತಿ. "ಬಚ್ಚಲುಮನೇಲೂ ಬಿಡದೆ ಮನೆ ತುಂಬಾ ಕ್ಯಾಮೆರಾ ಬಚ್ಚಿಟ್ಟಿದ್ರು. ಎಂಟು ವರ್ಷದಿಂದ ಅದ್ರಲ್ಲಿರೋದು ನಾನೊಬ್ಬಳೇ."